ಅಜ್ಜನ ರೇಜರ್‌ಗೆ ಮರದ ಪೆಟ್ಟಿಗೆ: ಒಳಗಿನ ಗಾಳಿಯ ಬಗ್ಗೆ ಮೊದಲು ಯೋಚಿಸಿ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇರುವವರು. ಮೂಲ ಕುಂದಾಪುರದ ಕಡೆ. ಮನೆ ಬದಲಿಸುವಾಗ ಅಜ್ಜನ ಟ್ರಂಕಿನಲ್ಲಿ ಒಂದು ಹಳೇ ಶೇವಿಂಗ್ ರೇಜರ್ ಸಿಕ್ಕಿತು. ಅಜ್ಜ ಮುಂಬೈಯ ಫೋರ್ಟ್ ಕಡೆಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಹಿಡಿಯ ಬುಡ ತಿರುಗಿಸಿದರೆ ಮೇಲೆ ಎರಡು ಬಾಗಿಲು ತೆರೆಯುವ ರೇಜರ್ ಇದು. ಈಗ ತುಂಬಾ ಬಿಗಿಯಾಗಿದೆ. 'ಜಿಲೆಟ್, ಮೇಡ್ ಇನ್ ಇಂಗ್ಲೆಂಡ್' ಎಂದು ಕೆತ್ತಿದೆ. ಅಲ್ಲಲ್ಲಿ ಚಿನ್ನದ ಬಣ್ಣ ಉಳಿದಿದೆ, ಸಂದಿಯಲ್ಲಿ ಹಸಿರು ಕಿಲುಬು ಹಿಡಿದಿದೆ. ಇದು ಎಷ್ಟು ಹಳೆಯದು? ಹೇಗೆ ತೊಳೆಯಬೇಕು? ಮುಂಬೈಯ ಹಳೇ ಸಾಮಾನಿನ ಪೇಟೆ ಚೋರ್ ಬಜಾರ್‌ನಲ್ಲಿ ಇಂಥವು ಇನ್ನೂ ಕೆಲವು ಹುಡುಕಬೇಕೆಂಬ ಆಸೆ ಇದೆ. ಅಜ್ಜನ ಮಂಚದ ಸಾಗುವಾನಿ ಹಲಗೆಯೂ ಉಳಿದಿದೆ, ಅದರಲ್ಲೇ ಪೆಟ್ಟಿಗೆ ಮಾಡಿಸೋಣ ಅಂತ. ನಮ್ಮ ಬಡಗಿ ಒಳಗೆ ಸ್ಪಂಜ್ ಹಾಕಿ ವೆಲ್ವೆಟ್ ಅಂಟಿಸಿ, ಹೊರಗೆ ರೆಕ್ಸಿನ್ ಹೊದಿಸೋಣ ಎನ್ನುತ್ತಾರೆ. ಇದು ಸರಿಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಅದು ಅವಸರದ್ದು. ಸ್ಪಂಜ್ ಬೇಡ, ರೆಕ್ಸಿನ್ ಬೇಡ. ಬಡಗಿಗೆ ಇವತ್ತೇ ಫೋನ್ ಮಾಡಿ ಸ್ವಲ್ಪ ತಡೆಯಲು ಹೇಳಿ. ಹಳೇ ರೇಜರ್ ಹಾಳಾಗುವುದು ಬಳಸುವುದರಿಂದ ಅಲ್ಲ. ದಿನಾ ಬಳಸಿ, ತೊಳೆದು, ಒರೆಸಿಟ್ಟ ರೇಜರ್‌ಗಳು ಅರವತ್ತು ಎಪ್ಪತ್ತು ವರ್ಷ ಕಳೆದರೂ ಚೆನ್ನಾಗಿ ಕೆಲಸ ಮಾಡುತ್ತವೆ. ಅದೇ ರೇಜರನ್ನು ಒದ್ದೆಯಾಗಿ, ತಪ್ಪು ಮರ ಮತ್ತು ತಪ್ಪು ಅಂಟಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಕೆಲವೇ ವರ್ಷಕ್ಕೆ ಲೇಪ ಉಬ್ಬಿ ಸುಲಿಯುತ್ತದೆ. ಮುಂಬೈಯಂಥ ಊರಿನಲ್ಲಂತೂ ಮಳೆಗಾಲದ ನಾಲ್ಕು ತಿಂಗಳು ಗಾಳಿಯೇ ಒದ್ದೆ. ಪೆಟ್ಟಿಗೆ ಚಂದ ಕಾಣುವುದು ಎರಡನೇ ಮಾತು. ಒಳಗೆ ಮುಚ್ಚಿಟ್ಟ ಗಾಳಿಯಲ್ಲಿ ಏನಿರುತ್ತದೆ ಎಂಬುದು ಮೊದಲು.

ಈಗ ರೇಜರಿನ ವಯಸ್ಸಿಗೆ ಬರೋಣ. ಬುಡ ತಿರುಗಿಸಿದರೆ ಬಾಗಿಲು ತೆರೆಯುವ ಈ ಬಗೆಯನ್ನು ಜಿಲೆಟ್ ಕಂಪನಿ 1934ರಲ್ಲಿ ಅರಿಸ್ಟೋಕ್ರಾಟ್ ಎಂಬ ಹೆಸರಿನಲ್ಲಿ ಹೊರತಂದಿತು. ಹಾಗಾಗಿ ನಿಮ್ಮದು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಲಂಡನ್ ಪಕ್ಕದ ಐಲ್‌ವರ್ತ್‌ನಲ್ಲಿ ಜಿಲೆಟ್‌ನ ದೊಡ್ಡ ಕಾರ್ಖಾನೆ ಶುರುವಾದದ್ದು 1937ರಲ್ಲಿ. ಇಂಗ್ಲೆಂಡಿನಲ್ಲಿ ಚಿನ್ನದ ಲೇಪದ ಅರಿಸ್ಟೋಕ್ರಾಟ್‌ಗಳೂ, ರಾಕೆಟ್ ಎಂಬ ಮಾದರಿಯ ಬೆಳ್ಳಿ ಬಣ್ಣದವೂ ಎರಡನೇ ಮಹಾಯುದ್ಧ ಮುಗಿದ ಮೇಲೆ ತುಂಬಾ ತಯಾರಾದವು. ಅಜ್ಜ ಮುಂಬೈಗೆ ಬಂದ ವರ್ಷ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಅದನ್ನು ಇದರ ಜೊತೆ ಹೊಂದಿಸಿ ನೋಡಿ. ಚಿನ್ನದ ಲೇಪ, ಎರಡು ಬಾಗಿಲು, ಇಂಗ್ಲೆಂಡ್ ಎಂಬ ಮೂರನ್ನೂ ಸೇರಿಸಿದರೆ ಅರಿಸ್ಟೋಕ್ರಾಟ್ ಸಾಲಿನದ್ದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಅಮೆರಿಕದಲ್ಲಿ ತಯಾರಾದ ಜಿಲೆಟ್‌ಗಳ ವಯಸ್ಸು ಹೇಳುವುದು ಇನ್ನೂ ಸುಲಭ. 1950ರ ದಶಕದಿಂದ ಅವುಗಳ ತಲೆಯ ಕೆಳಗೆ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ. ಅಕ್ಷರ ವರ್ಷಕ್ಕೆ, ಅಂಕಿ ಆ ವರ್ಷದ ಯಾವ ಮೂರು ತಿಂಗಳು ಎಂಬುದಕ್ಕೆ. 'ಡಿ' ಎಂದರೆ 1958, 'ಇ' ಎಂದರೆ 1959, 'ಎಫ್' ಎಂದರೆ 1960. 'ಎಫ್-4' ಎಂದಿದ್ದರೆ 1960ರ ಕೊನೆಯ ಮೂರು ತಿಂಗಳಲ್ಲಿ ಆದದ್ದು. ಇಂಗ್ಲೆಂಡಿನ ಹಲವು ರೇಜರ್‌ಗಳಲ್ಲಿ ಈ ಗುರುತು ಇರುವುದಿಲ್ಲ. ಅಲ್ಲಿ ಹಿಡಿಯ ಆಕಾರ, ಲೇಪ, ಕೆತ್ತಿದ ಅಕ್ಷರ ನೋಡಿಯೇ ಅಂದಾಜು ಮಾಡಬೇಕು.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಚೋರ್ ಬಜಾರ್‌ನಲ್ಲಿ ನಿಮಗೆ '1904ರ ರೇಜರ್ ಸಾಬ್' ಎಂದು ತೋರಿಸುತ್ತಾರೆ. ತಲೆಯ ಮೇಲೆ ನಿಜವಾಗಿಯೂ 1904 ನವೆಂಬರ್ 15 ಎಂದು ಕೆತ್ತಿರುತ್ತದೆ. ಅದು ಪೇಟೆಂಟ್ ಸಿಕ್ಕ ದಿನ, ರೇಜರ್ ತಯಾರಾದ ದಿನ ಅಲ್ಲ. ಕಿಂಗ್ ಕ್ಯಾಂಪ್ ಜಿಲೆಟ್ ಅವರ ಹೆಸರಿಗೆ ಆ ದಿನ ಪೇಟೆಂಟ್ ಬಂತು. ಅದೇ ತಾರೀಕನ್ನು ಕಂಪನಿ ಮುಂದೆ ಎಷ್ಟೋ ವರ್ಷ ಲಕ್ಷಾಂತರ ರೇಜರ್‌ಗಳ ಮೇಲೆ ಒತ್ತುತ್ತಾ ಹೋಯಿತು. ಒಂದನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಜಿಲೆಟ್‌ಗಳೇ ಸುಮಾರು 35 ಲಕ್ಷ. ಆ ಕಾಲದವು ಅಪರೂಪವೇನೂ ಅಲ್ಲ. ನಿಜವಾಗಿ ಅಪರೂಪ ಎಂದರೆ ಮೊದಲ ವರ್ಷದವು. 1903ರಲ್ಲಿ ಕಂಪನಿ ಮಾರಿದ್ದು ಬರೀ 51 ರೇಜರ್, 168 ಬ್ಲೇಡ್. ಮರುವರ್ಷ ಅದು 90 ಸಾವಿರ ರೇಜರ್ ದಾಟಿತು. ಎಂ.ಐ.ಟಿ.ಯಲ್ಲಿ ಓದಿದ ವಿಲಿಯಂ ನಿಕರ್ಸನ್ ಕಾಗದದಷ್ಟು ತೆಳು ಉಕ್ಕನ್ನು ಬಾಗದಂತೆ ಹದ ಮಾಡುವ ಯಂತ್ರ ಕಟ್ಟಿದ್ದರಿಂದಲೇ ಅದು ಆದದ್ದು. ಜಿಲೆಟ್ ಹೆಸರು ಎಲ್ಲರ ಬಾಯಲ್ಲಿದೆ. ನಿಕರ್ಸನ್ ಹೆಸರೂ ಅಷ್ಟೇ ಗೌರವದಿಂದ ಹೇಳಬೇಕಾದ್ದು.

ತೊಳೆಯುವ ವಿಷಯ. ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡರೆ ಕೈ ಹುಣಸೆಹಣ್ಣಿನ ಕಡೆಗೇ ಹೋಗುತ್ತದೆ, ಅಲ್ವಾ? ದೀಪಕ್ಕೆ, ಚೊಂಬಿಗೆ ಅದು ಸರಿ. ರೇಜರ್‌ಗೆ ಬೇಡ. ಹುಣಸೆಹಣ್ಣು, ನಿಂಬೆ, ವಿನೆಗರ್, ಪಾತ್ರೆ ಬೆಳಗುವ ಪುಡಿ ಯಾವುದೂ ಬೇಡ. ಈ ರೇಜರ್‌ಗಳ ಒಳಗೆ ಹಿತ್ತಾಳೆ, ಮೇಲೆ ತೆಳುವಾದ ನಿಕಲ್ ಅಥವಾ ಚಿನ್ನದ ಲೇಪ ಇರುತ್ತದೆ. ಹುಳಿ ಆ ಲೇಪದ ಸಣ್ಣ ಸಣ್ಣ ತೂತುಗಳಲ್ಲಿ ಇಳಿದು ಅಡಿಯ ಹಿತ್ತಾಳೆಯನ್ನು ತಿನ್ನುತ್ತದೆ. ಪುಡಿ ಹಾಕಿ ತಿಕ್ಕಿದರೆ ಚಿನ್ನ ಬಟ್ಟೆಗೆ ಬಂದುಬಿಡುತ್ತದೆ. ಟೂತ್‌ಪೇಸ್ಟ್ ಕೂಡ ತಿಕ್ಕುವ ಪುಡಿಯೇ. ಉಳಿದಿರುವ ಚಿನ್ನ ಅಜ್ಜನ ಕೈಯಿಂದ ಸವೆದು ಉಳಿದದ್ದು. ಅದನ್ನು ಹಾಗೇ ಬಿಡಿ.

ಅಮೋನಿಯಾ ಇರುವ ಮೆಟಲ್ ಪಾಲಿಶ್ ಇನ್ನೂ ಅಪಾಯ. ಇದಕ್ಕೆ ನಮ್ಮ ದೇಶದ್ದೇ ಒಂದು ಹಳೇ ಕತೆ ಇದೆ. ಬ್ರಿಟಿಷ್ ಸೈನ್ಯದವರು ಇಲ್ಲಿ ಮಳೆಗಾಲ ಮುಗಿಯುವ ತನಕ ಗುಂಡುಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಹಿತ್ತಾಳೆಯ ತೋಟಾಗಳು ಸೀಳಿರುತ್ತಿದ್ದವು. ಕಾರಣ ಗೊತ್ತಾದದ್ದು 1921ರಲ್ಲಿ. ಕುದುರೆಯ ಮೂತ್ರದಿಂದ ಎದ್ದ ಅಮೋನಿಯಾ, ಮಳೆಗಾಲದ ತೇವ, ಒತ್ತಿ ಎಳೆದು ಮಾಡಿದ ಹಿತ್ತಾಳೆಯೊಳಗೆ ಉಳಿದ ಬಿಗಿತ. ಈ ಮೂರು ಸೇರಿದರೆ ಲೋಹ ತಾನಾಗಿಯೇ ಬಿರಿಯುತ್ತದೆ. ರೇಜರಿನ ಹಿಡಿಯೂ ತೆಳು ಹಿತ್ತಾಳೆಯ ಕೊಳವೆಯೇ. ಹಳೇ ಜಿಲೆಟ್‌ಗಳ ಹಿಡಿಯಲ್ಲಿ ಕೂದಲೆಳೆಯಂಥ ಉದ್ದ ಬಿರುಕು ಕಾಣುವುದು ಮಾಮೂಲು. ನಿಮ್ಮ ರೇಜರಿನ ಹಿಡಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿ ನೋಡಿ.

ಸರಿ, ಹಾಗಾದರೆ ಏನು ಮಾಡಬೇಕು? ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ರೇಜರನ್ನು ಅರ್ಧ ಗಂಟೆ ನೆನೆಸಿಡಿ. ಕುದಿಯುವ ನೀರು ಬೇಡ. ಮೆತ್ತಗಿನ ಟೂತ್ ಬ್ರಷ್ಷಿನಿಂದ ಉಜ್ಜಿ. ಬಿಗಿಯಾಗಿರುವುದಕ್ಕೆ ಕಾರಣ ತುಕ್ಕಿಗಿಂತ ಜಾಸ್ತಿ ಹಳೇ ಸೋಪು. ಗಡಸು ನೀರಿನಲ್ಲಿ ಸೋಪು ಸುಣ್ಣದಂತೆ ಕಟ್ಟಿ ಹಿಡಿಯ ಒಳಗೆ ಕೂತಿರುತ್ತದೆ. ಎರಡು ಮೂರು ಸಲ ನೆನೆಸಿದರೆ ಕರಗಿ ಬಿಳಿ ಬಿಳಿಯಾಗಿ ಹೊರಗೆ ಬರುತ್ತದೆ. ಆಮೇಲೆ ಒಣಗಿಸಿ, ಬುಡದ ಗುಬುಟು ಹಿಡಿಗೆ ಸೇರುವ ಸಂದಿಗೆ ಒಂದು ಹನಿ, ಬಾಗಿಲಿನ ತಿರುಗಣಿಗೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಒಂದು ರಾತ್ರಿ ತಲೆಕೆಳಗಾಗಿ ನಿಲ್ಲಿಸಿಡಿ. ಬೆಳಿಗ್ಗೆ ಬರೀ ಬೆರಳಿನಿಂದ ತಿರುಗಿಸಿ. ತಿರುಗದಿದ್ದರೆ ಮತ್ತೆ ಸೋಪಿನ ನೀರು, ಮತ್ತೆ ಎಣ್ಣೆ. ಇಕ್ಕಳ ಮಾತ್ರ ಮುಟ್ಟಿಸಬೇಡಿ. ಒಳಗಿನ ಕಂಬಿ ಒಮ್ಮೆ ತಿರುಚಿಕೊಂಡರೆ ಬಾಗಿಲು ಮತ್ತೆ ಸಮ ಕೂರುವುದಿಲ್ಲ.

ಹಸಿರು ಕಿಲುಬನ್ನು ಬಿದಿರಿನ ಕಡ್ಡಿಯ ತುದಿಗೆ ಎಣ್ಣೆ ಹಚ್ಚಿ ಮೆಲ್ಲಗೆ ಕೆರೆದು ತೆಗೆಯಿರಿ. ಹಲ್ಲುಕಡ್ಡಿಯೂ ಆಗುತ್ತದೆ. ಮರ, ಬಿದಿರು ಲೇಪಕ್ಕಿಂತ ಮೆದು, ಗೀರು ಬೀಳುವುದಿಲ್ಲ. ಕಿಲುಬು ಹೋದ ಕಡೆ ಕಪ್ಪು ಕಲೆ ಉಳಿಯಬಹುದು, ಉಳಿಯಲಿ. ಕೊನೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಬೇರೆಯವರು ಬಳಸಿದ ರೇಜರ್ ಎಂದರೆ ಇದು ಕಡ್ಡಾಯ. ಸಂತೆಯಲ್ಲಿ ಕೊಂಡದ್ದಕ್ಕಂತೂ ಸೋಪು, ಸ್ಪಿರಿಟ್ ಎರಡೂ ಆಗದೆ ಮುಖಕ್ಕೆ ತಾಗಿಸಬಾರದು.

ಮತ್ತೆ ಚಿನ್ನದ ನೀರು ಕೊಡಿಸುವುದರ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಹೊಸ ಲೇಪ ಹಾಕುವ ಮೊದಲು ಹಳೆಯದನ್ನು ಚಕ್ರಕ್ಕೆ ಹಿಡಿದು ಉಜ್ಜುತ್ತಾರೆ. ಕೆತ್ತಿದ ಅಕ್ಷರದ ಅಂಚು ಅಲ್ಲಿಗೆ ಹೋಯಿತು. ಮನೆಯ ರೇಜರ್‌ಗೆ ಇದನ್ನು ಮಾಡಿಸಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ.

ಇನ್ನು ಸಂಗ್ರಹ. ನೀವು ಶುರು ಮಾಡುವುದಾದರೆ ಎರಡು ಅಂಚಿನ ಬ್ಲೇಡ್ ಹಾಕುವ ರೇಜರ್‌ಗಳಿಗೇ ನಿಲ್ಲಿ. ಟೋಪಾಜ್, ಸೆವೆನ್ ಓ ಕ್ಲಾಕ್ ಹೀಗೆ ಇವತ್ತಿಗೂ ಗಲ್ಲಿ ಅಂಗಡಿಯಲ್ಲಿ ಸಿಗುವ ಬ್ಲೇಡ್ ನೂರು ವರ್ಷ ಹಳೇ ಜಿಲೆಟ್‌ಗೂ ಕೂರುತ್ತದೆ. ಸುಮಾರು 43 ಮಿಲಿಮೀಟರ್ ಉದ್ದ, 22 ಅಗಲ, 0.1 ದಪ್ಪದ ಆ ಉಕ್ಕಿನ ಪಟ್ಟಿಯ ಅಳತೆ ಅಷ್ಟು ಗಟ್ಟಿಯಾಗಿ ನಿಂತುಬಿಟ್ಟಿದೆ. ಇದೊಂದು ದೊಡ್ಡ ಭಾಗ್ಯ. ಒಂದೇ ಅಂಚಿನ ಜೆಮ್, ಇಂಜೆಕ್ಟರ್ ಬಗೆಯ ಶಿಕ್, ತನ್ನ ಡಬ್ಬಿಯಲ್ಲೇ ಮಸೆದುಕೊಳ್ಳುವ ಇಂಗ್ಲೆಂಡಿನ ರೋಲ್ಸ್ ರೇಜರ್ ಇವೆಲ್ಲ ನೋಡಲು ಬಹಳ ಸೊಗಸು. ಆದರೆ ಬ್ಲೇಡಿಗೆ ಪರದಾಡಬೇಕು. ಅವು ಆಮೇಲೆ ಬರಲಿ.

ಚೋರ್ ಬಜಾರ್‌ನ ಮಟನ್ ಸ್ಟ್ರೀಟಿನ ಅಂಗಡಿಗಳಿಗೂ ಶುಕ್ರವಾರ ಬೆಳಗಿನ ಬೀದಿ ಸಂತೆಗೂ ವ್ಯತ್ಯಾಸ ಇದೆ. ಅಂಗಡಿಯವರಿಗೆ ಮಾಲಿನ ಬೆಲೆ ಗೊತ್ತು. ಬೀದಿಯಲ್ಲಿ ಚಾದರ ಹಾಸಿ ಕೂತವರ ಹತ್ತಿರ ರೇಜರ್ ಒಂದು ಬೀಗ, ಎರಡು ಚಮಚ, ಮುರಿದ ಗಡಿಯಾರದ ಜೊತೆ ಬಿದ್ದಿರುತ್ತದೆ. ಬೇಗ ಹೋಗಬೇಕು, ಸಣ್ಣ ಟಾರ್ಚ್, ಒಂದು ಮ್ಯಾಗ್ನೆಟ್, ಒಂದು ಹೊಸ ಬ್ಲೇಡ್ ಜೊತೆಗಿರಲಿ. ಪುಣೆಗೆ ಹೋಗುವುದಿದ್ದರೆ ಬುಧವಾರ, ಭಾನುವಾರ ನಡೆಯುವ ಜುನಾ ಬಜಾರ್ ಕೂಡ ಒಮ್ಮೆ ಸುತ್ತಿ ಬನ್ನಿ.

ಮ್ಯಾಗ್ನೆಟ್ ಯಾಕೆ ಎಂದರೆ, ಹಿತ್ತಾಳೆಗೆ ಅದು ಅಂಟುವುದಿಲ್ಲ. ನಿಕಲ್ ಲೇಪ ಇದ್ದರೆ ಸ್ವಲ್ಪವೇ ಎಳೆದಂತೆ ಅನ್ನಿಸಬಹುದು. ಟಪ್ ಎಂದು ಕಚ್ಚಿಕೊಂಡರೆ ಒಳಗೆ ಕಬ್ಬಿಣ. ಹಗುರವಾಗಿದ್ದು, ಮೇಲೆ ಬಿಳಿ ಬಿಳಿ ಗುಳಿ ಬಿದ್ದಿದ್ದರೆ ಅದು ಸತುವಿನ ಎರಕ. ಅಂಥದ್ದರ ಒಳಗೆ ಕೊಳೆ ಹಿಡಿದರೆ ಉಳಿಸಿಕೊಳ್ಳಲು ದಾರಿ ಇಲ್ಲ, ಬಿಟ್ಟುಬಿಡಿ. ಆಮೇಲೆ ಬ್ಲೇಡ್ ಹಾಕಿ ಮುಚ್ಚಿ, ಟಾರ್ಚ್ ಹಿಂದಿನಿಂದ ಹಿಡಿದು ನೋಡಿ. ಎರಡೂ ಬದಿಯಲ್ಲಿ ಬ್ಲೇಡಿನ ಅಂಚು ಒಂದೇ ಸಮ ಹೊರಗೆ ಕಾಣಬೇಕು. ಒಂದು ಮೂಲೆಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಇದ್ದರೆ ಯಾವಾಗಲೋ ಕೆಳಗೆ ಬಿದ್ದು ಬಾಗಿದೆ. ಅದರಲ್ಲಿ ಶೇವ್ ಮಾಡಿದರೆ ಗಾಯ ಖಂಡಿತ. ಬಿಚ್ಚಿದರೆ ಮೂರು ತುಂಡಾಗುವ ರೇಜರ್ ಆದರೆ ಬ್ಲೇಡಿನ ಕೆಳಗೆ ಬರುವ ಅಡಿಪಟ್ಟಿಯನ್ನು ಗಾಜಿನ ಮೇಲಿಟ್ಟು ಬೆರಳಿನಿಂದ ತಟ್ಟಿ, ಅಲುಗಾಡಬಾರದು. ಹಣಿಗೆಯ ಹಲ್ಲಿನಂತೆ ಬಾಯಿ ತೆರೆದ ಹಳೇ ಮಾದರಿಯಲ್ಲಿ ಹಲ್ಲುಗಳನ್ನು ಒಂದೊಂದಾಗಿ ನೋಡಿ. ಕೊನೆಗೆ ಕೆತ್ತಿದ ಅಕ್ಷರ. ಅಂಚು ಚೂಪಾಗಿದ್ದರೆ ಮೂಲ ಲೇಪ. ಹೊಳಪು ಜಾಸ್ತಿ ಇದ್ದು ಅಕ್ಷರ ಮಸುಕಾಗಿದ್ದರೆ ಉಜ್ಜಿ ಮತ್ತೆ ಲೇಪ ಕೊಟ್ಟದ್ದು. ಒಂದರಿಂದ ಒಂಬತ್ತರ ತನಕ ಅಂಕಿ ಇರುವ ದಪ್ಪ ಹಿಡಿಯ 'ಫ್ಯಾಟ್‌ಬಾಯ್' ಸಿಕ್ಕರೆ, 1958ರಿಂದ 1961ರ ನಡುವಿನದು, ಎಲ್ಲ ಅಂಕಿಗೂ ತಿರುಗಿಸಿ ನೋಡಿಯೇ ದುಡ್ಡು ಕೊಡಿ.

ಹೊಸದಾಗಿ ಎರಕ ಹೊಯ್ದು ಹಳೇದೆಂದು ಮಾರುವ ಹಿತ್ತಾಳೆ ಸಾಮಾನೂ ಅಲ್ಲಿ ಬೇಕಾದಷ್ಟಿದೆ. ಹಡಗಿನ ದಿಕ್ಸೂಚಿ, ದೂರದರ್ಶಕಗಳ ಪಕ್ಕದಲ್ಲಿ ಹೊಚ್ಚಹೊಸ 'ವಿಕ್ಟೋರಿಯಾ ಕಾಲದ' ರೇಜರ್ ಕಂಡರೆ ಮುಂದೆ ನಡೆಯಿರಿ.

ಈಗ ಪೆಟ್ಟಿಗೆ. ನನಗೆ ತುಂಬಾ ಹೇಳಲಿಕ್ಕಿರುವುದು ಇದರ ಬಗ್ಗೆ.

ಮರ ಸತ್ತ ಮೇಲೂ ಅದರಿಂದ ಹುಳಿ ಆವಿ ಬರುತ್ತಾ ಇರುತ್ತದೆ. ಮುಖ್ಯವಾಗಿ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ. ತೆರೆದ ಕಪಾಟಿನಲ್ಲಿ ಅದು ಗಾಳಿಗೆ ಹೋಗುತ್ತದೆ. ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಸೇರಿಕೊಳ್ಳುತ್ತದೆ. ಓಕ್, ಚೆಸ್ಟ್‌ನಟ್ ಮರಗಳು ಇದರಲ್ಲಿ ಅತಿ ಕೆಟ್ಟವು. ಹಾಗಾಗಿಯೇ ಮ್ಯೂಸಿಯಂನವರು ಲೋಹದ ವಸ್ತುಗಳನ್ನು ಓಕ್ ಕಪಾಟಿನಲ್ಲಿ ಇಡಲು ಹೆದರುತ್ತಾರೆ. ಸಾಗುವಾನಿ ಮಧ್ಯಮ. ಮಹಾಗನಿ, ವಾಲ್‌ನಟ್ ಸಾಕಷ್ಟು ಸೌಮ್ಯ. ಪ್ಲೈವುಡ್, ಎಂ.ಡಿ.ಎಫ್. ಮಾತ್ರ ಬೇಡವೇ ಬೇಡ. ಅವುಗಳ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಫಾರ್ಮಿಕ್ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ.

ಹಾಗಾದರೆ ಅಜ್ಜನ ಮಂಚದ ಹಲಗೆ? ಧಾರಾಳವಾಗಿ ಬಳಸಿ. ಅದಕ್ಕಿಂತ ಒಳ್ಳೇ ಮರ ಎಲ್ಲಿ ಸಿಗುತ್ತದೆ? ದಶಕಗಟ್ಟಲೆ ಮನೆಯೊಳಗೆ ಒಣಗಿದ ಸಾಗುವಾನಿ ಬಗ್ಗುವುದು, ಬಿರಿಯುವುದು ಬಹಳ ಕಮ್ಮಿ. ಒಳಮೈಗೆ ಒಂದು ತಡೆ ಕೊಟ್ಟರೆ ಆವಿಯ ಚಿಂತೆಯೂ ತಗ್ಗುತ್ತದೆ. ಅದನ್ನು ಹೇಳುತ್ತೇನೆ. ಮೊದಲು ಹಲಗೆಯ ಮೇಲೆ ಮ್ಯಾಗ್ನೆಟ್ ಆಡಿಸಿ, ಒಳಗೆ ಮುರಿದ ಮೊಳೆ ಇದ್ದರೆ ಬಡಗಿಯ ಗರಗಸದ ಹಲ್ಲು ಹೋಗುತ್ತದೆ. ಹಲಗೆಗೆ ಹಳೇ ಬಣ್ಣ ಬಳಿದಿದ್ದರೆ ಒಣ ಸ್ಯಾಂಡ್ ಪೇಪರ್ ಹಾಕಬೇಡಿ, ಅದರಲ್ಲಿ ಸೀಸ ಇರಬಹುದು. ಹಲಗೆ ಸಾಲದಿದ್ದರೆ ಜೋಗೇಶ್ವರಿ ಕಡೆಯ ಓಶಿವಾರಾ ಫರ್ನಿಚರ್ ಬಜಾರಿನಲ್ಲಿ ಹಳೇ ಬರ್ಮಾ ಸಾಗುವಾನಿ ತುಂಡುಗಳು ಸಿಗುತ್ತವೆ. ಶಿವನೆ ಮರ ಸಿಕ್ಕರೂ ಸಂತೋಷ. ತಿಳಿ ಬಣ್ಣ, ಹಗುರ, ಕೊರೆಯಲು ಸುಲಭ, ಮಳೆಗಾಲದಲ್ಲಿ ಹಿಗ್ಗುವುದು ಬಹಳ ಕಮ್ಮಿ.

ಹಿಗ್ಗುವುದು ಎಂದೆನಲ್ಲ, ಅದರ ಲೆಕ್ಕ ಬಡಗಿಗೆ ಗೊತ್ತಿದ್ದರೂ ನಿಮಗೂ ಗೊತ್ತಿರಲಿ. ಹಸಿಯಿಂದ ಪೂರ್ತಿ ಒಣಗುವ ತನಕ ಸಾಗುವಾನಿ ಹಲಗೆ ಅಗಲದಲ್ಲಿ ಹೆಚ್ಚೆಂದರೆ ನೂರಕ್ಕೆ ಆರರಷ್ಟು ಕುಗ್ಗುತ್ತದೆ. ಹಲಗೆ ಕೊಯ್ದ ದಿಕ್ಕು ಒಳ್ಳೆಯದಿದ್ದರೆ, ಅಂದರೆ ತುದಿಯಲ್ಲಿ ಬೆಳವಣಿಗೆಯ ಗೆರೆಗಳು ನೆಟ್ಟಗೆ ನಿಂತಂತೆ ಕಂಡರೆ, ಅದರ ಅರ್ಧಕ್ಕಿಂತ ಕಮ್ಮಿ. ಮೇ ತಿಂಗಳಿಂದ ಆಗಸ್ಟ್‌ಗೆ ಮರದ ತೇವ ನೂರಕ್ಕೆ ನಾಲ್ಕು ಹೆಚ್ಚಿತು ಎಂದುಕೊಳ್ಳಿ. ಹತ್ತು ಸೆಂಟಿಮೀಟರ್ ಅಗಲದ ಮುಚ್ಚಳ ಮುಕ್ಕಾಲು ಮಿಲಿಮೀಟರ್‌ನಷ್ಟು ಅಗಲವಾಗುತ್ತದೆ. ಬೇಸಿಗೆಯಲ್ಲಿ ಟಕ್ಕೆಂದು ಕೂರುತ್ತಿದ್ದ ಮುಚ್ಚಳ ಆಗಸ್ಟಿನಲ್ಲಿ ತೆರೆಯುವುದೇ ಇಲ್ಲ. ಹಾಗಾಗಿ ಅಡಿಯ ಹಲಗೆ, ಮೇಲಿನ ಹಲಗೆ ಎರಡನ್ನೂ ನಾಲ್ಕು ಗೋಡೆಯ ಒಳಗೆ ಉದ್ದ ತೋಡು ಕೊರೆದು ಅಂಟಿಲ್ಲದೆ ಸಡಿಲವಾಗಿ ಕೂರಿಸಬೇಕು. ಅವು ತಮ್ಮಷ್ಟಕ್ಕೆ ಹಿಗ್ಗಲಿ, ಕುಗ್ಗಲಿ.

ಪೆಟ್ಟಿಗೆ ಮತ್ತು ಮುಚ್ಚಳ ಬೇರೆ ಬೇರೆ ಮಾಡಲು ಹೋಗಬೇಡಿ. ಆರೂ ಬದಿ ಮುಚ್ಚಿದ ಒಂದೇ ಪೆಟ್ಟಿಗೆ ಕಟ್ಟಿ, ಅಂಟು ಒಣಗಿದ ಮೇಲೆ ಮೇಲ್ಭಾಗವನ್ನು ಗರಗಸದಲ್ಲಿ ಸುತ್ತ ಕೊಯ್ದು ಮುಚ್ಚಳ ಬೇರ್ಪಡಿಸಿ. ಮರದ ಗೆರೆ ಪೆಟ್ಟಿಗೆಯಿಂದ ಮುಚ್ಚಳಕ್ಕೆ ಮುರಿಯದೆ ಹರಿಯುತ್ತದೆ. ಸಾಗುವಾನಿಯಲ್ಲಿ ಎಣ್ಣೆ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಸ್ವಲ್ಪ ಮೊದಲು ಆ ಜಾಗವನ್ನು ಥಿನ್ನರ್‌ನಲ್ಲಿ ಒರೆಸಲು ಹೇಳಿ. ಮೂಲೆಗೆ ಕಬ್ಬಿಣದ ಮೊಳೆ ಬೇಡ, ತೇವಕ್ಕೆ ತುಕ್ಕು ಹಿಡಿದು ಸುತ್ತ ಮರ ಕಪ್ಪಾಗುತ್ತದೆ. ಬಿದಿರಿನ ಮೊಳೆ ಸಾಕು. ಮುಚ್ಚಳ ತಿರುಗುವ ಕಬ್ಜಾ, ಸ್ಕ್ರೂ ಹಿತ್ತಾಳೆಯದ್ದು ತನ್ನಿ. ನಾಗದೇವಿ ಸ್ಟ್ರೀಟಿನಲ್ಲಿ ಒಂದು ಇಂಚಿನವು ಸಿಗುತ್ತವೆ. ಸಣ್ಣ ಹಿತ್ತಾಳೆ ಸ್ಕ್ರೂ ಗಟ್ಟಿ ಮರದಲ್ಲಿ ತಿರುಚಿದರೆ ಕತ್ತು ಮುರಿಯುತ್ತದೆ. ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ದಾರಿ ಮಾಡಿ, ಅದನ್ನು ತೆಗೆದು ಹಿತ್ತಾಳೆಯದ್ದು ಹಾಕಬೇಕು.

ರೇಜರ್ ಮಲಗುವ ಗುಂಡಿಯನ್ನು ಪೆಟ್ಟಿಗೆಯಲ್ಲೇ ಉಳಿಯಿಂದ ಕೊರೆಯುವುದು ಕಷ್ಟ, ತಪ್ಪಿದರೆ ಪೆಟ್ಟಿಗೆಯೇ ಹೋಯಿತು. ಬೇರೆಯೇ ಒಂದು ತಟ್ಟೆ ಮಾಡಿ. ಹತ್ತು ಹನ್ನೆರಡು ಮಿಲಿಮೀಟರ್ ದಪ್ಪದ ಹಲಗೆಯ ಮೇಲೆ ರೇಜರ್ ಇಟ್ಟು ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಗೆರೆಯಿಂದ ಎರಡು ಮಿಲಿಮೀಟರ್ ಹೊರಗೆ, ಹಲಗೆಯನ್ನು ಆರಪಾರ ಕತ್ತರಿಸಿ ತೆಗೆಯಿರಿ. ಅಡಿಗೆ ತೆಳು ಹಲಗೆ ಅಂಟಿಸಿ. ತಟ್ಟೆ ಆಯಿತು. ಹಿಡಿಯ ಕುತ್ತಿಗೆಗೆ ಒಂದು, ಬುಡಕ್ಕೆ ಒಂದು ಸಣ್ಣ ದಿಂಬು ಕೊಟ್ಟರೆ ರೇಜರ್ ಆ ಎರಡೇ ಕಡೆ ಕೂರುತ್ತದೆ. ತಲೆ ಯಾವುದಕ್ಕೂ ತಾಗದೆ ಗಾಳಿಯಲ್ಲಿರಬೇಕು, ನೀರು ಉಳಿಯುವುದು ಅಲ್ಲೇ. ಹಿಡಿಯ ಮಧ್ಯದ ಎರಡೂ ಬದಿಗೆ ಬೆರಳು ಹೋಗುವಷ್ಟು ಅರ್ಧಚಂದ್ರ ಕೊರೆಯಿರಿ. ಇಲ್ಲದಿದ್ದರೆ ರೇಜರ್ ಎತ್ತಲು ದಿನಾ ಪೆಟ್ಟಿಗೆ ಬೋರಲು ಹಾಕಬೇಕಾಗುತ್ತದೆ. ಗಾಳಿ ಆಡಲು ಹಿಂಬದಿಯ ಗೋಡೆಯಲ್ಲಿ ಐದು ಮಿಲಿಮೀಟರಿನ ಎರಡು ತೂತು ಇರಲಿ. ಬ್ಲೇಡಿಗೆ ಜಾಗ ಮಾಡುವುದಾದರೆ ಪೊಟ್ಟಣ ಸಮೇತ ಕೂರುವಂತೆ ಮಾಡಿ, ಬರೀ ಬ್ಲೇಡ್ ಇಡಬೇಡಿ.

ಇನ್ನು ಒಳಗಿನ ಹಾಸು. ಸ್ಪಂಜ್ ಬೇಡ ಎಂದೆ. ಪಾಲಿಯುರೆಥೇನ್ ಸ್ಪಂಜ್ ನಮ್ಮ ತೇವಕ್ಕೆ ಕೆಲವು ವರ್ಷದಲ್ಲಿ ಪುಡಿಪುಡಿಯಾಗಿ, ಜಿಗುಟಾಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಹಳೇ ಕ್ಯಾಮೆರಾ ಪೆಟ್ಟಿಗೆ ತೆರೆದವರಿಗೆ ಅದು ಗೊತ್ತಿರುತ್ತದೆ. ರೆಕ್ಸಿನ್ ಎಂದರೆ ಪಿ.ವಿ.ಸಿ., ಹಳೇದಾದಂತೆ ಅಂಟಂಟಾಗಿ ಹುಳಿ ಬಿಡುತ್ತದೆ. ಅದೂ ಅಲ್ಲದೆ ಅಜ್ಜನ ಮಂಚದ ಮರವನ್ನು ಪ್ಲಾಸ್ಟಿಕ್‌ನಲ್ಲಿ ಮುಚ್ಚುವುದು ಯಾಕೆ? ಉಣ್ಣೆಯ ಫೆಲ್ಟ್ ಕೂಡ ಬೇಡ, ಉಣ್ಣೆಯಲ್ಲಿರುವ ಗಂಧಕ ಬೆಳ್ಳಿ ಲೇಪವನ್ನು ಕಪ್ಪು ಮಾಡುತ್ತದೆ. ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಹತ್ತಿಯ ವೆಲ್ವೆಟ್ ಕೇಳಿ, ತಿಳಿ ಬಣ್ಣದ್ದು. ಕಡು ಕಪ್ಪು, ಕಡು ನೀಲಿ ಬಣ್ಣಗಳಲ್ಲೂ ಕೆಲವೊಮ್ಮೆ ಗಂಧಕ ಇರುತ್ತದೆ. ತಂದ ಬಟ್ಟೆಯನ್ನು ಒಮ್ಮೆ ಸೋಪಿಲ್ಲದೆ ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ತೆಳು ರಟ್ಟಿಗೆ ವೆಲ್ವೆಟ್ ಸುತ್ತಿ, ಹಿಂದೆ ದಾರ ಹಾಕಿ ಬಿಗಿದು ಗುಂಡಿಯೊಳಗೆ ಒತ್ತಿ ಕೂರಿಸಿದರೆ ಅಂಟೇ ಬೇಡ. ಕೊಳೆಯಾದರೆ ತೆಗೆದು ಬದಲಿಸಬಹುದು.

ಅಂಟಿನ ಬಗ್ಗೆ ಒಂದು ಮಾತು. ಬಿಳಿ ಫೆವಿಕಾಲ್ ಒಣಗುವಾಗಲೂ, ಒಣಗಿದ ಮೇಲೂ ಸ್ವಲ್ಪ ಕಾಲ ಹುಳಿ ಆವಿ ಬಿಡುತ್ತದೆ. ಮೂಲೆ ಜೋಡಿಸಲು ಬಳಸಿ, ತೊಂದರೆ ಇಲ್ಲ. ವಿನೆಗರ್ ವಾಸನೆಯ ಸಿಲಿಕೋನ್ ಮಾತ್ರ ಹತ್ತಿರ ತರಬೇಡಿ.

ಒಳಮೈಗೆ, ತಟ್ಟೆಗೆ, ಹೊರಮೈಗೆ ಎಲ್ಲಕ್ಕೂ ಚಪ್ಡಾ ಪಾಲಿಶ್ ಕೊಡಿಸಿ. ಅರಗಿನಿಂದ ಬಂದ ಚಪ್ಡಾವನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಲ್ಲಿ ತೆಳುವಾಗಿ ಹಚ್ಚುವ ಹಳೇ ಪದ್ಧತಿ. ಮರದ ಆವಿಗೆ ಅದು ಸಾಕಷ್ಟು ತಡೆ. ಅಗಸೆ ಎಣ್ಣೆ ಒಳಗೆ ಬೇಡ, ಅದು ಒಣಗುತ್ತಾ ಹುಳಿ ಬಿಡುತ್ತದೆ. ಚಪ್ಡಾ ಪಾಲಿಶ್‌ನ ಮೇಲೆ ಆಲ್ಕೊಹಾಲ್ ಬಿದ್ದರೆ ಮಾತ್ರ ಕರಗುತ್ತದೆ. ಹಾಗಾಗಿ ರೇಜರನ್ನು ಸ್ಪಿರಿಟ್‌ನಲ್ಲಿ ಒರೆಸಿದ ಕೂಡಲೇ ಪೆಟ್ಟಿಗೆಯಲ್ಲಿ ಇಡಬೇಡಿ. ಆಫ್ಟರ್‌ಶೇವ್ ಬಾಟಲಿಯೂ ಪೆಟ್ಟಿಗೆಯಿಂದ ದೂರ ಇರಲಿ.

ಎಲ್ಲ ಮುಗಿದ ಮೇಲೆ ಖಾಲಿ ಪೆಟ್ಟಿಗೆಯನ್ನು ಮುಚ್ಚಳ ತೆರೆದು ಮೂರು ನಾಲ್ಕು ವಾರ ಹಾಗೇ ಬಿಡಿ. ಈ ಸಮಯದಲ್ಲಿ ಒಂದು ಪರೀಕ್ಷೆ ಮಾಡಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಡ್ರ್ಯೂ ಆಡಿ ಎಂಬವರು 1973ರಲ್ಲಿ ಒಂದು ವಿಧಾನ ತಂದರು. ಕಪಾಟಿಗೆ ಬಳಸುವ ಮರ, ಬಟ್ಟೆಯ ತುಂಡನ್ನು ಬೆಳ್ಳಿ, ತಾಮ್ರ, ಸೀಸದ ಚೂರುಗಳ ಜೊತೆ ಸ್ವಲ್ಪ ನೀರಿಟ್ಟ ಗಾಜಿನ ಕೊಳವೆಯಲ್ಲಿ ಮುಚ್ಚಿ, 60 ಡಿಗ್ರಿ ಬಿಸಿಯಲ್ಲಿ 28 ದಿನ ಇಡುವುದು. ಯಾವ ಲೋಹ ಎಷ್ಟು ಕೆಟ್ಟಿದೆ ನೋಡಿದರೆ ವಸ್ತು ಸುರಕ್ಷಿತವೋ ಅಲ್ಲವೋ ತಿಳಿಯುತ್ತದೆ. ಮ್ಯೂಸಿಯಂಗಳು ಇವತ್ತಿಗೂ ಇದನ್ನೇ ಮಾಡುತ್ತವೆ.

ಮನೆಯಲ್ಲಿ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ, ಆದರೆ ಉಪಯೋಗ ಇದೆ. ಒಂದೇ ಥರದ ಎರಡು ಉಪ್ಪಿನಕಾಯಿ ಬಾಟಲಿ ವಾಸನೆ ಹೋಗುವಂತೆ ತೊಳೆದು ಒಣಗಿಸಿ. ವೈರಿನ ತಾಮ್ರದ ತಂತಿಯನ್ನು ಸ್ಯಾಂಡ್ ಪೇಪರ್‌ನಲ್ಲಿ ಹೊಳೆಯುವಂತೆ ಉಜ್ಜಿ ಎರಡು ತುಂಡು ಮಾಡಿ. ಉಜ್ಜಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಒಂದು ಬಾಟಲಿಯಲ್ಲಿ ಪಾಲಿಶ್ ಹಚ್ಚಿದ ಮಂಚದ ಮರದ ಚೂರು, ವೆಲ್ವೆಟ್ ತುಂಡು, ಒದ್ದೆ ಹತ್ತಿ, ತಂತಿ ಇಡಿ. ಇನ್ನೊಂದರಲ್ಲಿ ಒದ್ದೆ ಹತ್ತಿ ಮತ್ತು ತಂತಿ ಮಾತ್ರ. ತಂತಿ ಯಾವುದಕ್ಕೂ ತಾಗದಂತೆ ಮುಚ್ಚಳಕ್ಕೆ ದಾರದಲ್ಲಿ ತೂಗುಹಾಕಿ. ಬಿಗಿಯಾಗಿ ಮುಚ್ಚಿ, ಎರಡನ್ನೂ ಒಂದೇ ಕಡೆ, ಬೆಚ್ಚಗಿರುವ ಜಾಗದಲ್ಲಿ, ಫ್ರಿಜ್ಜಿನ ಹಿಂದೆಯೋ ಮಾಳಿಗೆಯ ಮೇಲೋ ಒಂದು ತಿಂಗಳು ಇಡಿ.

ಎರಡು ತಂತಿಯೂ ಒಂದೇ ಥರ ಸ್ವಲ್ಪ ಮಬ್ಬಾಗಿದ್ದರೆ ನಿಮ್ಮ ಮರ, ಪಾಲಿಶ್, ಬಟ್ಟೆ ಸರಿ ಇದೆ. ರೇಜರನ್ನು ಧೈರ್ಯವಾಗಿ ಒಳಗೆ ಇಡಬಹುದು. ಬಳಸುವ ದಿನಗಳಲ್ಲಿ ಬಾಗಿಲು ತೆರೆದು ತೊಳೆದು, ಕೊಡವಿ, ರಾತ್ರಿ ತನಕ ಹೊರಗೆ ಒಣಗಲು ಬಿಟ್ಟು ಆಮೇಲೆ ಪೆಟ್ಟಿಗೆಗೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಸಿಲಿಕಾ ಜೆಲ್ ಪೊಟ್ಟಣ ಜೊತೆಗಿರಲಿ. ಮರದ ಜೊತೆ ಇದ್ದ ತಂತಿ ಮಾತ್ರ ಕಪ್ಪಾಗಿ ಅಥವಾ ಹಸಿರಾಗಿ ಬಂದರೆ, ಬಟ್ಟೆ ಬೇರೆ, ಮರ ಬೇರೆ ಬಾಟಲಿಯಲ್ಲಿಟ್ಟು ಮತ್ತೊಂದು ತಿಂಗಳು ನೋಡಿ. ತಪ್ಪು ಬಟ್ಟೆಯದ್ದಾದರೆ ಬಟ್ಟೆ ಬದಲಿಸಿದರಾಯಿತು. ಮರದ್ದೇ ಆದರೆ ಪೆಟ್ಟಿಗೆ ಮಂಚದ ಹಲಗೆಯದ್ದೇ ಇರಲಿ, ಒಳಗಿನ ತಟ್ಟೆಯನ್ನು ಶಿವನೆಯಲ್ಲಿ ಮಾಡಿಸಿ, ಒಳಗೋಡೆಗೆ ಇನ್ನೂ ಮೂರು ನಾಲ್ಕು ಕೈ ಚಪ್ಡಾ ಕೊಡಿಸಿ, ಹಿಂಬದಿಯ ತೂತನ್ನು ಎರಡರಿಂದ ನಾಲ್ಕು ಮಾಡಿಸಿ.